ಕೊನೆಯ ಗಾಡಿಯನ್ನು ಓಡಿಸಿಕೊಂಡು ಬರುವವರು

ಕಿಕುಚಿ ಪೇಟೆಯಿಂದ ಆಸೊ ಬೆಟ್ಟದ ಕಡೆಗೆ ಮೊದಲ ಬಸ್ಸು ಹೊರಡುವಾಗ ಇನ್ನೂ ಪೂರ್ತಿ ಬೆಳಕು ಹರಿದಿರುವುದಿಲ್ಲ. ಹಿಂದಿನ ಸೀಟಿನಲ್ಲಿ ಗಿಡ್ಡನೆಯ ಗಂಡಸೊಬ್ಬರು ಎಡ ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡು, ಹೆಲ್ಮೆಟ್ಟನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ. ಕಾಲ ಬಳಿಯ ಚೀಲದಲ್ಲಿ ಒಂದು ಚಿಕ್ಕ ಬ್ಯಾಟರಿ, ಗಾಳಿ ಪಂಪು, ಒಂದೆರಡು ಸ್ಪಾನರ್, ಅಕ್ಕ ಕಟ್ಟಿಕೊಟ್ಟ ಅನ್ನದ ಉಂಡೆಗಳು. "ಗಾಡಿ ಎಲ್ಲಿ ಕಳ್ಕೊಂಡ್ರಿ ಇಸೊದಾ ಅವರೇ?" ಎಂದು ಚಾಲಕರು ಕನ್ನಡಿಯಲ್ಲಿ ನೋಡಿ ಕೇಳುತ್ತಾರೆ. ತಮಾಷೆ ಹಳೆಯದಾಗಿ ಹಲ್ಲು ಉದುರಿದೆ. "ಹುಡುಕ್ಕೊಂಡೇ ಹೊರಟಿದೀನಿ" ಎಂದು ಇಸೊದಾ ಅಷ್ಟೇ ಹಳೆಯ ಉತ್ತರ ಕೊಡುತ್ತಾರೆ.

ಇಸೊದಾ ಮೊರಿಯೊ ಅವರ ಕೆಲಸಕ್ಕೆ ಸರಿಯಾದ ಹೆಸರೇ ಇಲ್ಲ. ವಯಸ್ಸಾಗಿ, ಕಾಲು ಸೋತು, ಕಣ್ಣು ಮಂಜಾಗಿ ಇನ್ನು ದೊಡ್ಡ ಬೈಕು ಓಡಿಸಲಾಗದು ಎಂದು ತೀರ್ಮಾನಿಸಿದವರು ಇವರು ಕೆಲಸ ಮಾಡುವ ಹಳೇ ಬೈಕಿನ ಅಂಗಡಿಗೆ ಫೋನ್ ಮಾಡುತ್ತಾರೆ. ಇವರು ಬಸ್ಸಿನಲ್ಲಿ ಹೋಗಿ ಅವರ ಬೈಕನ್ನು ಓಡಿಸಿಕೊಂಡು ಬರುತ್ತಾರೆ. ಅಂಥ ಗಾಡಿಯನ್ನು ಅಲ್ಲಿಯ ಸವಾರರು 'ಅಗಾರಿ' ಎನ್ನುತ್ತಾರೆ. ಅದಾದ ಮೇಲೆ ಇನ್ನೊಂದು ಕೊಳ್ಳುವುದಿಲ್ಲ, ಅದೇ ಕೊನೆಯದು. ಅಂಗಡಿಯಲ್ಲಿ ಬೈಕು ಹೊರುವ ಲಾರಿಯೇನೋ ಇದೆ. ಇಸೊದಾ ಅದನ್ನು ಮುರಿದು ಬಿದ್ದ ಗಾಡಿಗಳಿಗೆ ಮಾತ್ರ ಬಿಟ್ಟಿದ್ದಾರೆ.

"ಲಾರಿ ಮೇಲೆ ಹಗ್ಗ ಬಿಗಿದು ಮಲಗಿಸಿದ್ರೆ ಆಸ್ಪತ್ರೆ ಗಾಡಿ ನೋಡಿದ ಹಾಗಾಗತ್ತೆ" ಎನ್ನುತ್ತಾರೆ ಅವರು. "ಮನೆಗೆ ಬಂದಾಗ ಸದ್ದು ಮಾಡ್ಕೊಂಡು ಬಂದಿತ್ತಲ್ಲ, ಹೋಗುವಾಗ್ಲೂ ಹಾಗೇ ಹೋಗ್ಲಿ. ಕೊಡೋರಿಗೆ ಅಷ್ಟಾದ್ರೂ ಬೇಡ್ವಾ?"

ಐವತ್ತಾರರ ಇಸೊದಾ ಪ್ರಾಯದಲ್ಲಿ ಫುಕುಒಕಾ ನಗರದಲ್ಲಿ ಬೈಕಿನ ಮೇಲೆ ಕಾಗದ ಪತ್ರ ಸಾಗಿಸುತ್ತಿದ್ದರು. ಒಂದು ಕಚೇರಿಯ ನಕ್ಷೆ ಇನ್ನೊಂದು ಕಚೇರಿಗೆ, ಒಬ್ಬ ವಕೀಲರ ಕಡತ ಇನ್ನೊಬ್ಬರ ಮೇಜಿಗೆ. ಆ ಕಾಗದಗಳೆಲ್ಲ ಒಂದೊಂದಾಗಿ ಕಂಪ್ಯೂಟರಿನೊಳಗೆ ಹೊಕ್ಕವು. ಅದೇ ಸಮಯಕ್ಕೆ ಮಳೆಯಲ್ಲಿ ಜಾರಿ ಮೊಣಕಾಲೂ ಹೋಯಿತು. ಗಾಯದ ಮೇಲೆ ಬರೆ ಎಂಬಂತೆ ಮದುವೆಯ ಮಾತೂ ಮುರಿಯಿತು. ಕೆಲವು ವರ್ಷ ತೋಫು ಕಾರ್ಖಾನೆಯಲ್ಲಿ ಪೊಟ್ಟಣ ಕಟ್ಟಿದರು. ಊರಿಗೆ ಬಂದು ಅಕ್ಕನ ಮನೆ ಸೇರಿದ ಮೇಲೆಯೇ ಈ ಅಂಗಡಿಯ ಕೆಲಸ ಸಿಕ್ಕಿದ್ದು. ಅಕ್ಕ ಈಗಲೂ ಚುಚ್ಚುತ್ತಾರೆ: "ಊರವರ ಗಂಡಂದಿರನ್ನೆಲ್ಲ ಗಾಡಿಯಿಂದ ಇಳಿಸ್ತೀಯಲ್ಲ, ನೀನು ಯಾವಾಗ ಇಳೀತೀಯೋ?"

ಈ ಕೆಲಸಕ್ಕೆ ಇಸೊದಾ ತಮ್ಮದೇ ಒಂದು ಕ್ರಮ ಮಾಡಿಕೊಂಡಿದ್ದಾರೆ. ಕೊನೆಯ ಸಲ ಇಂಜಿನ್ ಚಾಲೂ ಮಾಡುವುದು ಗಾಡಿಯ ಯಜಮಾನರೇ. ಆಮೇಲೆ ಮನೆಯಿಂದ ಹೆಚ್ಚು ಹೊತ್ತು ಕೇಳಿಸುವ ದಾರಿ ಯಾವುದೋ ಅದನ್ನೇ ಹಿಡಿದು, ಅವಸರಪಡದೆ, ಸದ್ದು ಮೆಲ್ಲಗೆ ದೂರವಾಗುವ ಹಾಗೆ ಓಡಿಸುತ್ತಾರೆ. ಗೇಟಿನ ಬಳಿ ನಿಂತ ಯಜಮಾನರ ಮುಖ ಕನ್ನಡಿಯಲ್ಲಿ ಕಾಣುವಷ್ಟು ಹೊತ್ತು ನೋಡುತ್ತಾರೆ. ಕೆಲವರು ಕೈ ಬೀಸುತ್ತಾರೆ, ಕೆಲವರು ತಲೆ ಬಾಗುತ್ತಾರೆ, ಒಬ್ಬರಂತೂ ಬೆನ್ನು ತಿರುಗಿಸಿ ಕಳೆ ಕೀಳತೊಡಗಿದ್ದರಂತೆ.

ಇಂದು ಇಸೊದಾ ಹೊರಟಿರುವುದು ಯಾಮಾಬೆ ಗೆಂಗೊ ಅವರ ಮನೆಗೆ. ಗೆಂಗೊ ಹಸು ಸಾಕುವವರ ಮನೆಮನೆಗೆ ಹೋಗಿ ಹಾಲು ತುಂಬಿಕೊಳ್ಳುವ ಲಾರಿ ಓಡಿಸಿ ನಿವೃತ್ತರಾದವರು. ಈ ಮನೆಗೆ ಇಸೊದಾ ಬರುತ್ತಿರುವುದು ಇದೇ ಮೊದಲಲ್ಲ. ಒಮ್ಮೆ ಬಂದಾಗ "ಮಳೆ ಬರೋ ಹಾಗಿದೆ" ಎಂದು ಹಿಂದಕ್ಕೆ ಕಳಿಸಿದರು. ಇನ್ನೊಮ್ಮೆ ಗೋಡೆಯ ಪಂಚಾಂಗ ತೋರಿಸಿ ಇಂದು ದಿನ ಚೆನ್ನಾಗಿಲ್ಲ ಎಂದರು. ಆಮೇಲಿನ ಸಲ ಕೀಲಿಯೇ ಸಿಗಲಿಲ್ಲ. ಕುಂಟು ನೆಪಗಳೆಂದು ಎಲ್ಲರಿಗೂ ಗೊತ್ತು, ಗೆಂಗೊ ಅವರಿಗೂ ಗೊತ್ತು. ಅಂಗಡಿಯ ಯಜಮಾನಿಯ ತಾಳ್ಮೆ ಮುಗಿದಿದೆ. "ಇವತ್ತೂ ಬರಿಗೈಲಿ ಬಂದ್ರೆ ನಾಳೆ ಲಾರಿ ಕಳಿಸ್ತೀನಿ ಇಸೊದಾ. ಅಳು ಕೇಳೋಕೆ ನಾನು ಅಂಗಡಿ ಇಟ್ಟಿಲ್ಲ" ಎಂದು ನಿನ್ನೆ ಸಂಜೆ ಖಂಡಿತವಾಗಿ ಹೇಳಿಬಿಟ್ಟಿದ್ದಾರೆ. ಆ ಮನುಷ್ಯನ ಎದುರು ಲಾರಿ ನಿಲ್ಲಿಸಲು ಇಸೊದಾ ಅವರಿಗೆ ಮನಸ್ಸಿಲ್ಲ.

ಬೈಕು ಅಂಗಳದಲ್ಲಿ ಸಿದ್ಧವಾಗಿ ನಿಂತಿದೆ. ಹೊಸ ಕಾಲದ ಯಂತ್ರ, ಹಳೇ ಕಾಲದ ಮುಖ: ಗೆಂಗೊ ಹುಡುಗರಾಗಿದ್ದಾಗ ಅಂಗಡಿಯ ಗಾಜಿನಾಚೆ ಆಸೆಪಟ್ಟು ನೋಡಿದ ಗಾಡಿಗಳ ರೂಪದಲ್ಲೇ ಮಾಡಿದ್ದು. ದುಂಡು ದೀಪ, ಅದನ್ನು ಬಳಸಿದ ಅರ್ಧ ಕವಚ, ಅದರ ನೆತ್ತಿಯಲ್ಲಿ ಗಾಳಿ ತಡೆಯುವ ಚಿಕ್ಕ ಗಾಜು. ಕವಚ ಟ್ಯಾಂಕಿನ ಹತ್ತಿರವೇ ಮುಗಿಯುತ್ತದೆ, ಕೆಳಗೆ ನಾಲ್ಕು ಸಿಲಿಂಡರಿನ ಇಂಜಿನ್ ಮೈಬಿಟ್ಟುಕೊಂಡು ಕೂತಿದೆ. ಟ್ಯಾಂಕಿಗೆ ದಾಳಿಂಬೆ ಕೆಂಪು, ನಡುವೆ ಕೆನೆ ಬಣ್ಣದ ಪಟ್ಟೆ. "ಈ ಥರದ ಗಾಡೀಲಿ ಕೂತೋನು ಸೊಂಟದ ಮೇಲೆ ಸಾಹುಕಾರ, ಸೊಂಟದ ಕೆಳಗೆ ಕೂಲಿ" ಎಂದು ಇಸೊದಾ ನಗುತ್ತಾರೆ. ಎದೆಗೆ ಗಾಳಿ ತಾಗುವುದಿಲ್ಲ, ಮೊಣಕಾಲು ಮಾತ್ರ ಚಳಿಗೆ ಮರಗಟ್ಟುತ್ತದೆ.

ಗೆಂಗೊ ಅವರ ಹೆಂಡತಿ ಫುಮಿಯೆ ಜಗಲಿಗೆ ಬಾರ್ಲಿ ಟೀ, ಗೆಣಸಿನ ಕಡುಬು, ಸಾಸಿವೆ ಸೊಪ್ಪಿನ ಉಪ್ಪಿನಕಾಯಿ ತಂದಿಡುತ್ತಾರೆ. ಗೆಂಗೊ ಅವರ ಕಣ್ಣಿಗೆ ಈಗ ನೇರ ಮುಂದಿರುವುದಷ್ಟೇ ಕಾಣುತ್ತದೆ, ಅಂಚೆಲ್ಲ ಕತ್ತಲೆ. ಕಳೆದ ಶರತ್ಕಾಲದಲ್ಲಿ ಗೇಟಿನ ಬಳಿ ಗಾಡಿ ನಿಲ್ಲಿಸಿ ಕಾಲು ಊರುವಾಗ ಚರಂಡಿ ಕಾಣದೆ, ಗಾಡಿಯ ಸಮೇತ ಪಕ್ಕಕ್ಕೆ ಒರಗಿಬಿಟ್ಟರು. "ಓಡಿಸುವಾಗ ಬೀಳೋದಕ್ಕೂ ಒಂದು ಮರ್ಯಾದೆ ಇದೆ. ನಾನು ನಿಂತಲ್ಲೇ ಬಿದ್ದೆ ಕಣಯ್ಯ" ಎನ್ನುತ್ತಾರೆ. ವಸಂತ ಬಂದಾಗ ತಾವೇ ಪೊಲೀಸ್ ಠಾಣೆಗೆ ಹೋಗಿ ಲೈಸೆನ್ಸ್ ಒಪ್ಪಿಸಿ ಬಂದರು. ಗಾಡಿ ಒಪ್ಪಿಸಲು ಮಾತ್ರ ಕೈ ಬಂದಿಲ್ಲ.

"ಇವರ ಬೈಕಿನ ಸದ್ದೇ ನನ್ನ ಗಡಿಯಾರ ಆಗಿತ್ತು" ಎಂದು ಫುಮಿಯೆ ಟೀ ಬಗ್ಗಿಸುತ್ತಾ ಹೇಳುತ್ತಾರೆ. "ಬೆಟ್ಟ ಇಳಿಯುವಾಗ ಆ ದೇವದಾರು ಮರದ ತಿರುವಿನಲ್ಲಿ ಗೇರ್ ಇಳಿಸ್ತಿದ್ರು, ಸದ್ದು ಒಂದು ಸಲ ಕೆಮ್ತಿತ್ತು. ಆಗ ನಾನು ಮೀನು ಒಲೆ ಮೇಲಿಡ್ತಿದ್ದೆ. ಬಾಗಿಲು ತೆಗೆಯೋ ಹೊತ್ತಿಗೆ ಹದವಾಗಿ ಬೆಂದಿರ್ತಿತ್ತು." ನಲವತ್ತು ವರ್ಷದಲ್ಲಿ ಗಾಡಿಗಳು ಬದಲಾದವು, ಪದ್ಧತಿ ಬದಲಾಗಲಿಲ್ಲ.

ಗೆಂಗೊ ಎದ್ದು ಇಂಜಿನ್ ಚಾಲೂ ಮಾಡುತ್ತಾರೆ. ಗುಡುಗು ದೂರದಲ್ಲಿ ಉರುಳಿದಂಥ ಸದ್ದು ಅಂಗಳ ತುಂಬುತ್ತದೆ. ಇಸೊದಾ ಹೆಲ್ಮೆಟ್ ಕಟ್ಟಿಕೊಂಡು ಕಾಯುತ್ತಾರೆ. ಆದರೆ ಹಿರಿಯರ ಕೈ ಹ್ಯಾಂಡಲ್ ಬಿಡುತ್ತಿಲ್ಲ. "ಮೇಲುಗಡೆ ಗಾಳಿ ಜಾಸ್ತಿ ಇರಬಹುದು" ಎನ್ನುತ್ತಾರೆ. ಅಂಗಳದಲ್ಲಿ ಒಂದು ಎಲೆಯೂ ಅಲ್ಲಾಡುತ್ತಿಲ್ಲ.

ಕೆಲಸ ಕೆಡುವ ಲಕ್ಷಣ ಇಸೊದಾ ಅವರಿಗೆ ಕಾಣುತ್ತದೆ. ಅವರಿಗೆ ತೋಚಿದ್ದು ಒಂದೇ ದಾರಿ. "ಯಜಮಾನ್ರೇ, ಹಿಂದೆ ಕೂತ್ಕೊಳ್ಳಿ. ಬೆಟ್ಟದ ತುದಿವರೆಗೂ ಹೋಗಿ ಬರೋಣ. ಆಮೇಲೆ ಕೊಡುವಿರಂತೆ."

"ಹಿಂದೆ ಕೂತ್ಕೊಳ್ಳೋದಾ!" ಗೆಂಗೊ ಸಿಡುಕುತ್ತಾರೆ. "ನಾನೇನು ಹಾಲಿನ ಕ್ಯಾನಾ?"

ಆಗ ಜಗಲಿಯಿಂದ ಸಣ್ಣ ದನಿ ಕೇಳುತ್ತದೆ. "ಹಾಗಾದ್ರೆ ನಾನು ಕೂತ್ಕೊಳ್ಳಲಾ?"

ಇಬ್ಬರು ಗಂಡಸರೂ ತಿರುಗಿ ನೋಡುತ್ತಾರೆ. ಫುಮಿಯೆ ಟೀ ತಟ್ಟೆಯನ್ನು ಎದೆಗೊತ್ತಿಕೊಂಡು ನಿಂತಿದ್ದಾರೆ, ಮುಖ ಕೆಂಪಾಗಿದೆ. ಇಷ್ಟು ವರ್ಷದಲ್ಲಿ ಅವರು ಒಂದು ಸಲವೂ ಈ ಮನೆಯ ಯಾವ ಬೈಕಿನ ಮೇಲೂ ಕೂತಿಲ್ಲ. ಮೊದಲು ಹಸು, ಮಕ್ಕಳು, ಅತ್ತೆ. ಒಬ್ಬರು ಮನೆಯಲ್ಲಿರಲೇ ಬೇಕಿತ್ತು. ಆಮೇಲೆ ಅದೇ ರೂಢಿಯಾಯಿತು. ಗೆಂಗೊ ಕರೆಯಲಿಲ್ಲ, ಫುಮಿಯೆ ಕೇಳಲಿಲ್ಲ.

"ನಿನಗೆ ಯಾಕೆ ಇದೆಲ್ಲ? ಅಪಾಯ" ಎನ್ನುತ್ತಾರೆ ಗೆಂಗೊ.

"ಎಪ್ಪತ್ತೊಂದಾಯ್ತು ಕಣ್ರೀ. ಇನ್ಯಾವ ಅಪಾಯ ಬಾಕಿ ಇದೆ?"

ಗೆಂಗೊ ಹ್ಯಾಂಡಲ್ ಬಿಟ್ಟು ಪಕ್ಕಕ್ಕೆ ಸರಿಯುತ್ತಾರೆ. ಅಂಗಡಿಯ ನಿಯಮದ ಪ್ರಕಾರ ಹಿಂದೆ ಯಾರನ್ನೂ ಕೂರಿಸುವಂತಿಲ್ಲ. ಇಸೊದಾ ಯಜಮಾನಿಗೆ ಫೋನ್ ಮಾಡಿ ವಿಷಯ ಹೇಳುತ್ತಾರೆ. "ಇಲ್ಲಿ ಕಂಪ್ರೆಸರ್ ಸದ್ದು, ನಂಗೇನೂ ಕೇಳಿಸ್ಲಿಲ್ಲ" ಎಂದು ಯಜಮಾನಿ ಫೋನ್ ಇಡುತ್ತಾರೆ.

ಗೆಂಗೊ ಒಳಗೆ ಹೋಗಿ ತಮ್ಮ ಹೆಲ್ಮೆಟ್ ತರುತ್ತಾರೆ. ಅದು ಫುಮಿಯೆ ಅವರ ತಲೆಯ ಮೇಲೆ ಕೊಡ ಮಗುಚಿದಂತೆ ಕೂರುತ್ತದೆ. ಒಳಗೆ ಟವಲು ಮಡಚಿ ತುರುಕಿ, ಗದ್ದದ ಕೆಳಗಿನ ಪಟ್ಟಿಯನ್ನು ಗೆಂಗೊ ತಾವೇ ಕಟ್ಟುತ್ತಾರೆ. ಅದಕ್ಕೆ ಕಣ್ಣು ಬೇಕಿಲ್ಲ, ಬೆರಳಿಗೆ ಗೊತ್ತು. ತಮ್ಮ ಜಾಕೆಟ್ ತೊಡಿಸಿ ಜಿಪ್ಪು ಕತ್ತಿನವರೆಗೆ ಎಳೆಯುತ್ತಾರೆ. "ಅವನ ಸೊಂಟ ಗಟ್ಟಿಯಾಗಿ ಹಿಡ್ಕೋ. ನಾಚ್ಕೊಂಡು ಬಟ್ಟೆ ತುದಿ ಹಿಡೀಬೇಡ" ಎಂದು ಗದರುತ್ತಾರೆ. ಆಮೇಲೆ ಇಸೊದಾ ಕಡೆ ತಿರುಗಿ, "ನೀನು ಮೆಲ್ಲಗೆ ಹೋಗು" ಎನ್ನುತ್ತಾರೆ.

ನಿಂತಾಗ ಎಮ್ಮೆಯಷ್ಟು ಭಾರದ ಗಾಡಿ, ಚಕ್ರ ಉರುಳಿದ್ದೇ ತಡ, ಹಗುರಾಗುತ್ತದೆ. ಇಸೊದಾ ಕಿವಿಯಿಂದಲೇ ಅದನ್ನು ಓಡಿಸುತ್ತಾರೆ. ಇಂಜಿನ್ ಬೇಡಿದಾಗ ಗೇರ್ ಏರಿಸುವುದು, ನರಳುವ ಮುಂಚೆ ಇಳಿಸುವುದು. ಗಾಜಿನ ಮೇಲಿಂದ ಗಾಳಿ ಹೆಲ್ಮೆಟ್ಟಿನ ತುದಿಯನ್ನು ಸವರಿ ಹೋಗುತ್ತದೆ. ತಿರುವು ಬಂದಾಗ ಗಾಡಿ ಒರಗುತ್ತದೆ, ಹಿಂದಿನವರು ಮೊದಲು ಮರದಂತೆ ಸೆಟೆಯುತ್ತಾರೆ, ಆಮೇಲಿನ ತಿರುವಿನಲ್ಲಿ ಒಟ್ಟಿಗೇ ಒರಗುತ್ತಾರೆ. "ಇದೇ ಅಲ್ವಾ ದೇವದಾರು ತಿರುವು?" ಎಂದು ಫುಮಿಯೆ ಬೆನ್ನ ಹಿಂದಿನಿಂದ ಕೂಗುತ್ತಾರೆ. "ಇಷ್ಟು ಚಿಕ್ಕದಾ! ಕೇಳೋಕೆ ದೊಡ್ಡದಿತ್ತು!"

ಎದುರಿಗೆ ಬಂದ ಸವಾರನೊಬ್ಬ ಎಡಗೈ ಎತ್ತಿ ಹೋಗುತ್ತಾನೆ. ಇಸೊದಾ ಕೈ ಎತ್ತುತ್ತಾರೆ. ಮತ್ತೊಬ್ಬ ಬರುತ್ತಾನೆ, ಅವನೂ ಎತ್ತುತ್ತಾನೆ.

"ಇವರೆಲ್ಲ ನಮ್ಮನೆಯವರಿಗೆ ಗೊತ್ತಿರೋರಾ?"

"ಯಾರಿಗೆ ಯಾರೂ ಗೊತ್ತಿಲ್ಲಮ್ಮ. ದಾರೀಲಿ ಸಿಕ್ಕಿದ್ರೆ ಕೈ ಎತ್ತೋದು, ಅಷ್ಟೇ."

ಮುಂದೆ ಬಂದವನಿಗೆ ಫುಮಿಯೆ ಎರಡೂ ಕೈ ಎತ್ತಿಬಿಡುತ್ತಾರೆ. "ಅಮ್ಮಾ, ಸೊಂಟ! ಸೊಂಟ ಹಿಡ್ಕೊಳ್ಳಿ!" ಎಂದು ಇಸೊದಾ ಬೊಬ್ಬೆ ಹಾಕುತ್ತಾರೆ. ಹಿಂದಿನಿಂದ ಬರುವುದು ಹುಡುಗಿಯರಂಥ ನಗು.

ತುದಿಯಲ್ಲಿ ನಿಲ್ಲಿಸಿ ಇಂಜಿನ್ ಆರಿಸುತ್ತಾರೆ. ಕೆಳಗೆ ಹಸಿರು ಹುಲ್ಲು, ಚುಕ್ಕಿ ಇಟ್ಟಂತೆ ಹಸುಗಳು, ಎಲ್ಲೋ ಒಂದು ಬೂದು ಹೆಂಚಿನ ಮನೆ. ಫುಮಿಯೆ ಇಳಿದು ಬಹಳ ಹೊತ್ತು ನೋಡುತ್ತಾ ನಿಲ್ಲುತ್ತಾರೆ. "ಇದನ್ನ ನೋಡೋಕೆ ಬರ್ತಿದ್ರಾ, ಹಾಳಾದೋರು" ಎಂದು ಕಡೆಗೆ ಹೇಳುತ್ತಾರೆ. ಬಯ್ಗುಳದಲ್ಲಿ ಸಿಟ್ಟೂ ಇದೆ, ಪ್ರೀತಿಯೂ ಇದೆ, ಕಣ್ಣಲ್ಲಿ ನೀರೂ ಇದೆ. ಇಸೊದಾ ಅವಸರಪಡಿಸುವುದಿಲ್ಲ.

ಹಿಂತಿರುಗಿ ಇಳಿಯುವಾಗ ಗೆಂಗೊ ಮನೆಯ ಗೇಟಿನಲ್ಲಿಲ್ಲ. ದೇವದಾರು ತಿರುವಿನವರೆಗೆ ಏರಿ ಬಂದಿದ್ದಾರೆ. ಕಾಲಲ್ಲಿ ಮನೆಯ ಚಪ್ಪಲಿ, ಒಂದು ಕೈ ಕಲ್ಲಿನ ಗೋಡೆಯ ಮೇಲೆ, ಉಸಿರು ಮೇಲೆ ಕೆಳಗೆ. ಆ ಕಣ್ಣಿಟ್ಟುಕೊಂಡು ಈ ರಸ್ತೆಯನ್ನು ಹೇಗೆ ಹತ್ತಿದರೋ. ಇಸೊದಾ ಗಾಬರಿಯಾಗಿ ಗಾಡಿ ನಿಲ್ಲಿಸುತ್ತಾರೆ.

"ಸದ್ದು ಯಾಕೆ ನಿಂತೋಯ್ತು?" ಎನ್ನುತ್ತಾರೆ ಗೆಂಗೊ.

"ಮೇಲೆ ಸ್ವಲ್ಪ ನಿಂತಿದ್ವಿ ಯಜಮಾನ್ರೇ. ಅಮ್ಮ ನೋಡ್ತಾ ಇದ್ರು."

"ನೋಡ್ತಾ ಇದ್ರಾ! ಹೋಗ್ತಾ ಹೋಗ್ತಾ ಸದ್ದೇ ಇಲ್ಲ. ಇವಳಿಗೆ ಫೋನ್ ಮಾಡಿದ್ರೆ ಅದು ಅಡುಗೆಮನೇಲೇ ಬಡ್ಕೊಳ್ತಿದೆ. ನಾನು ಏನಂತ ತಿಳ್ಕೊಳ್ಲಿ? ಏನಂತ?"

ಫುಮಿಯೆ ಇಳಿದು ಹತ್ತಿರ ಬರುತ್ತಾರೆ. ಗೆಂಗೊ ಅವರ ಬೆರಳು ಹೆಂಡತಿಯ ಗದ್ದದ ಕೆಳಗೆ ಪಟ್ಟಿ ಬಿಚ್ಚಲು ಹೋಗಿ ಅಲ್ಲೇ ನಿಲ್ಲುತ್ತದೆ.

"ಫುಮಿಯೆ, ನಾನು ಹೋದಾಗ ಎಲ್ಲೆಲ್ಲೋ ಟೀ ಕುಡಿಯೋಕೆ ನಿಲ್ತಿದ್ದೆ. ಹರಟೆ ಹೊಡೀತಿದ್ದೆ. ಆಗ ನಿನಗೂ ಹೀಗಾಗ್ತಿತ್ತಾ?"

"ಪ್ರತಿ ಸಲ."

"ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀವು ಹೋಗ್ತಿರ್ಲಿಲ್ಲ."

ಗೆಂಗೊ ಪಟ್ಟಿ ಬಿಚ್ಚುತ್ತಾರೆ, ಹೆಲ್ಮೆಟ್ ತೆಗೆಯುತ್ತಾರೆ, ಕೆದರಿದ ಬಿಳಿ ಕೂದಲನ್ನು ಅಂಗೈಯಿಂದ ಸವರುತ್ತಾರೆ. ಇಸೊದಾ ಬೇರೆ ಕಡೆ ನೋಡುತ್ತಾರೆ. ಆಮೇಲೆ ಹಿರಿಯರು ಬೈಕಿನ ಟ್ಯಾಂಕನ್ನು ಒಮ್ಮೆ ತಟ್ಟಿ, "ತಗೊಂಡು ಹೋಗಯ್ಯ. ನಾವು ನಡ್ಕೊಂಡು ಹೋಗ್ತೀವಿ" ಎನ್ನುತ್ತಾರೆ. ಫುಮಿಯೆ ಗಂಡನ ತೋಳು ಹಿಡಿದು ಇಳಿಜಾರಿನಲ್ಲಿ ಹೆಜ್ಜೆ ಇಡುತ್ತಾರೆ.

ಮಧ್ಯಾಹ್ನ ಅಂಗಡಿಯಲ್ಲಿ ಇಸೊದಾ ಕೈ ತೊಳೆದುಕೊಂಡು ಅನ್ನದ ಉಂಡೆ ಬಿಚ್ಚುತ್ತಾರೆ. ಎಷ್ಟೋ ಮನೆಗಳಿಗೆ ಹೋಗಿ ಗಂಡಸರ ಮುಖವನ್ನಷ್ಟೇ ನೋಡಿ ಬಂದೆನಲ್ಲ ಎಂಬ ಯೋಚನೆ ಅವರನ್ನು ಬಿಟ್ಟಿಲ್ಲ. ಮುಂದೆ ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಬಾಯಲ್ಲಿದ್ದ ಅನ್ನ ನುಂಗುತ್ತಾರೆ.

"ಇನ್ನೊಂದು ಹೆಲ್ಮೆಟ್ ತಗೋಬೇಕು" ಎನ್ನುತ್ತಾರೆ. "ಚಿಕ್ಕ ಸೈಜಿಂದು."