ಗೋಡೆಯಾಚೆಯ ಪ್ರಿಂಟರ್

ಕೋಟದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಟ್ಯೂಷನ್ ಹೇಳುವ ಅಕ್ಕನೊಬ್ಬರಿದ್ದರು. ಯಾರಾದರೂ ಆಗದು ಎಂದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೇಳುವರು: "ಅದ್ಕ್ ಆತಿಲ್ಯಾ, ನಿಮ್ಗ್ ಮನ್ಸಿಲ್ಯಾ?"

ಗಂಡನ ಅಣ್ಣನೊಂದಿಗೆ ಮನೆ ಪಾಲಾದಾಗ ಅಕ್ಕ ತಮ್ಮ ಪರ ಚೌಕಾಸಿಗೆ ನನ್ನನ್ನು ಕರೆದರು. ಪಾತ್ರೆ, ತೆಂಗಿನಮರ ಸುಲಭದಲ್ಲೇ ಮುಗಿಸಿದೆ. ಇಬ್ಬರೂ ಜೊತೆಗೂಡಿ ಕೊಂಡ ಪ್ರಿಂಟರ್ ಮಾತ್ರ ಭಾವನ ಕೋಣೆಯಲ್ಲಿ ಉಳಿಯಿತು. ಪಾಲು ಮಾಡಿಸುವವರು ನೆನಪಿಡಿ, ಅಂಥದ್ದನ್ನು ಮೊದಲೇ ಕೇಳಬೇಕು.

"ನನ್ ಕಂಪ್ಯೂಟರ್ ವಿಂಡೋಸ್, ಅವ್ಳದ್ದ್ ಲಿನಕ್ಸ್. ಎರ್ಡಕ್ಕೂ ಒಂದೇ ಪ್ರಿಂಟರ್ ಆತಿಲ್ಲ," ಎಂದರು ಭಾವ.

ಪ್ರಿಂಟರ್ ಇಲ್ಲದಿದ್ದರೆ ಪ್ರಶ್ನೆಪತ್ರಿಕೆ ಇಲ್ಲ, ಟ್ಯೂಷನ್ನೂ ಇಲ್ಲ. ಆದರೂ ನಾನು, "ಬಿಡಿ ಅಕ್ಕ, ಬದ್ಲಿಗೆ ಗ್ರೈಂಡರ್ ಕೇಂಬ," ಎಂದೆ.

"ಗ್ರೈಂಡರಲ್ಲಿ ಪ್ರಶ್ನೆಪತ್ರಿಕೆ ಬತ್ತಾ?" ಎಂದು ನನ್ನನ್ನೇ ಗದರಿದರು. ಭಾವನತ್ತ ತಿರುಗಿದರು: "ಅದ್ಕ್ ಆತಿಲ್ಯಾ, ನಿಮ್ಗ್ ಮನ್ಸಿಲ್ಯಾ?"

"ಮಾಡಿ ತೋರ್ಸ್ ಕಾಂಬ. ಕಾಗ್ದ ಬಂದ್ರೆ ಇಬ್ರಿಗೂ ಇರ್ಲಿ," ಎಂದರು ಭಾವ.

ಅಕ್ಕ ಎರಡು ಪಾಲಿನ ನಡುಗೋಡೆಯ ಕಿಟಕಿಯಿಂದ ತಮ್ಮ ಕಂಪ್ಯೂಟರಿಗೂ ಭಾವನದಕ್ಕೂ ಕೇಬಲ್ ಎಳೆದರು. ಭಾವನ ಕಂಪ್ಯೂಟರಿನಲ್ಲಿ ಪ್ರಿಂಟರನ್ನು ಹಂಚಿಕೊಳ್ಳಲು ಬಿಟ್ಟು, ತಮ್ಮದರಲ್ಲಿ ಅದನ್ನು ಹುಡುಕಿ ಸೇರಿಸಿದರು. ಎರಡು ಸಲ ಪಾಸ್‌ವರ್ಡ್ ಒಪ್ಪಲಿಲ್ಲ, ಭಾವ ನಕ್ಕರು. ಮೂರನೆಯ ಸಲ ಆಚೆ ಪ್ರಿಂಟರ್ ಕಿರುಗುಟ್ಟಿ, ಪ್ರಶ್ನೆಪತ್ರಿಕೆ ಭಾವನ ಮೇಜಿನ ಮೇಲೆಯೇ ಬಿತ್ತು.

ಅಕ್ಕ ಕಿಟಕಿಯಲ್ಲಿ ಕೈ ಚಾಚಿದರು. "ಭಾವ, ನನ್ ಕಾಗ್ದ ಕೊಡಿ."

ಭಾವ ಮುಖ ತಿರುಗಿಸಿಕೊಂಡೇ ಕೊಟ್ಟು ಹೊರಟರು.

ಅಕ್ಕ ಕೂಗಿದರು: "ಹ್ವಾಯ್, ಇನ್ನೂ ಕಾಗ್ದ ಬಪ್ಪುದಿತ್ತ್. ಅಲ್ಲೇ ನಿಂತ್ಕಣಿ!"