ಧುರೀಣರ ತಾಯಿಯ ರಾಗಿ

ಹೊಸದುರ್ಗದ ಕಾಲೇಜೊಂದರಲ್ಲಿ ಆಟ ಕಲಿಸುತ್ತಿದ್ದ ಚಿತ್ರಲಿಂಗಪ್ಪ ಮೇಷ್ಟ್ರಿಗೆ ದೇವರಿಗಿಂತ ಒಂದು ಕೈ ಹೆಚ್ಚಿನ ಭಕ್ತಿ ಇದ್ದದ್ದು ಒಬ್ಬ ಧುರೀಣರ ಮೇಲೆ. ದೇವರು ಭಾಷಣ ಮಾಡುವುದಿಲ್ಲ, ಧುರೀಣರು ಮಾಡುತ್ತಾರೆ, ವ್ಯತ್ಯಾಸ ಅಷ್ಟೇ. ಪತ್ರಿಕೆಯಲ್ಲಿ ಅವರ ಭಾಷಣ ಬಂದ ದಿನ ಮೇಷ್ಟ್ರು ಮೈದಾನದ ಮೂಲೆಯಲ್ಲಿ ಕೂತು ಓದುತ್ತಿದ್ದರು. ನಿಲ್ಲಿ ಅನ್ನುವವರಿಲ್ಲದೆ ಹುಡುಗರು ಸುತ್ತು ಓಡುತ್ತಲೇ ಇರುತ್ತಿದ್ದರು. ಧುರೀಣರ ತಾಯಿ ರಾಗಿ ಬೀಸಿ, ಹಿಟ್ಟು ಮಾರಿ ಮಗನಿಗೆ ಸ್ಲೇಟು ಕೊಡಿಸಿದ ಪ್ರಸಂಗವಂತೂ ಮೇಷ್ಟ್ರಿಗೆ ಬಾಯಿಪಾಠ. ಹೆಂಡತಿ ಜಯಕ್ಕ ಮುದ್ದೆ ತಿರುವಲು ಕೂತಾಗಲೆಲ್ಲ ಅದನ್ನು ಕೇಳಬೇಕಾಗಿತ್ತು.

ಎಪ್ಪತ್ಮೂರರಲ್ಲಿ ಆ ಧುರೀಣರೇ ಕಾಲೇಜಿಗೆ ಬರುತ್ತಾರೆಂದಾಗ ಮೇಷ್ಟ್ರು ಹೊಸ ಬಿಳಿ ಪ್ಯಾಂಟು ಹೊಲಿಸಿದರು. ಸಭೆ ಹತ್ತಕ್ಕೆ. ಮಧ್ಯಾಹ್ನವಾದರೂ ಕಾರಿನ ಧೂಳು ಕಾಣಲಿಲ್ಲ. ಹೊಳಲ್ಕೆರೆಯಲ್ಲಿ ಯಾರದೋ ಮನೆಯಲ್ಲಿ ತಿಂಡಿಗೆ ಕೂತಿದ್ದಾರೆಂದು ಸುದ್ದಿ ಬಂತು. ಹಸಿದವರ ಪರ ಹೋರಾಡುವವರು ಮೊದಲು ತಾವು ಉಣ್ಣಬೇಕಲ್ಲ! ಶಾಮಿಯಾನದಡಿ ಹುಡುಗರು ಶಿಳ್ಳೆ ಹೊಡೆಯತೊಡಗಿದರು. ಪ್ರಿನ್ಸಿಪಾಲ್ ಮೂರ್ತಪ್ಪನವರು ಬೆವರುತ್ತ ಬಂದರು.

“ರೀ ಚಿತ್ರಲಿಂಗಪ್ಪ, ನಿಮ್ ಗಂಟ್ಲು ದೊಡ್ಡದೈತೆ. ಅವ್ರು ಬರೋತನ್ಕ ಏನಾರ ಹೇಳ್ರಿ. ಹುಡುಗ್ರು ಎದ್ದು ಹೋಗ್ಬಾರ್ದು.”

ಮೇಷ್ಟ್ರಿಗೆ ಏನು ಹೇಳಬೇಕೆಂಬ ಚಿಂತೆಯೇ ಇರಲಿಲ್ಲ. ಮೈಕಿನ ಮುಂದೆ ನಿಂತು ತಾಯಿ, ಬೀಸುವ ಕಲ್ಲು, ರಾಗಿ, ಸ್ಲೇಟು ಎಲ್ಲವನ್ನೂ ಹೇಳಿದರು. ಶಿಳ್ಳೆ ನಿಂತಿತು. ಹುಡುಗಿಯರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮೇಷ್ಟ್ರೂ ಹೊಸ ಪ್ಯಾಂಟಿನ ಜೇಬಿನಿಂದ ಕರವಸ್ತ್ರ ತೆಗೆದರು.

ಅಷ್ಟರಲ್ಲಿ ಧುರೀಣರು ಬಂದರು. ಮೂಗಿನವರೆಗೆ ಹಾರ ಹಾಕಿಸಿಕೊಂಡು, ತಡವಾದದ್ದಕ್ಕೆ ರಸ್ತೆಯನ್ನು ಬೈದು, ಮಾತು ಶುರುಮಾಡಿದರು.

“ವಿದ್ಯಾರ್ಥಿ ಮಿತ್ರರೆ, ಈ ತೆಂಗಿನ ಸೀಮೆಗೆ ಬಂದಾಗಲೆಲ್ಲ ನನಗೆ ನನ್ನ ತಾಯಿ ನೆನಪಾಗುತ್ತಾಳೆ. ತಲೆ ಮೇಲೆ ತೆಂಗಿನಕಾಯಿ ಬುಟ್ಟಿ ಹೊತ್ತು, ಸಂತೆಯಲ್ಲಿ ಮಾರಿ, ಈ ಮಗನಿಗೊಂದು ಸ್ಲೇಟು…”

ಅವರು ಕನ್ನಡಕ ತೆಗೆದರು.

“ರಾಗಿ ಸಾರ್, ರಾಗಿ!” ಎಂದು ಹಿಂದಿನಿಂದ ಒಬ್ಬ ಕೂಗಿದ. ಇಡೀ ಶಾಮಿಯಾನ ನಕ್ಕಿತು.

ಮೇಷ್ಟ್ರು ತಾವೇ ತಪ್ಪಾಗಿ ಓದಿದೆವೇನೋ ಎಂದು ಒಂದು ಗಳಿಗೆ ತಮ್ಮನ್ನೇ ಬೈದುಕೊಂಡರು. ಧುರೀಣರು ಮಾತ್ರ ನಿಧಾನವಾಗಿ ಕನ್ನಡಕ ಒರೆಸಿ ಹಾಕಿಕೊಂಡರು.

“ಹೌದು ಮಿತ್ರರೆ, ರಾಗಿಯನ್ನೂ ಮಾರಿದಳು. ಬಡವರಿಗೆ ಒಂದು ವ್ಯಾಪಾರದಲ್ಲಿ ಹೊಟ್ಟೆ ತುಂಬುತ್ತದೆಯೇ?”

ಚಪ್ಪಾಳೆ ಸಿಡಿಯಿತು. ಮೇಷ್ಟ್ರ ಕೈಗಳೂ ಹಳೆಯ ರೂಢಿಯಂತೆ ತಾವಾಗಿಯೇ ತಟ್ಟಿದವು.

ಕಾರು ಹೋದ ಮೇಲೆ ಮೂರ್ತಪ್ಪನವರು ಮೇಷ್ಟ್ರನ್ನು ಕೋಣೆಗೆ ಕರೆಸಿದರು.

“ಅಷ್ಟು ದೊಡ್ಡೋರ ತಾಯಿ ವಿಷ್ಯ ತಪ್ಪು ಹೇಳ್ತೀರೇನ್ರೀ? ತಿಳ್ಕಂಡು ಮಾತಾಡ್ಬೇಕು.”

“ಪೇಪರ್ನಾಗೆ ರಾಗಿ ಅಂತ್ಲೇ ಇತ್ತು ಸಾರ್.”

“ಪೇಪರ್ ದೊಡ್ದೋ, ಹೆತ್ತ ಮಗ ದೊಡ್ಡೋನೋ?”

ಮೇಷ್ಟ್ರು ತಲೆ ತಗ್ಗಿಸಿ ಮನೆಗೆ ಬಂದರು. ನಡೆದದ್ದನ್ನೆಲ್ಲ ಕೇಳಿ ಜಯಕ್ಕ ತಟ್ಟೆ ಮುಂದಿಟ್ಟಳು.

“ಮೊನ್ನೆ ಹಿರಿಯೂರ್ನಾಗೆ ನಮ್ಮಣ್ಣ ಅವ್ರ ಭಾಷ್ಣ ಕೇಳಿದ್ನಂತೆ. ಅಲ್ಲಿ ಶೇಂಗಾ ಮಾರಿದ್ಲು ಅಂದ್ರಂತೆ ಕಣ್ರೀ.”

ಮೇಷ್ಟ್ರು ಮುದ್ದೆ ಮುರಿದು ಉಂಡರು. ಅಂದಿನಿಂದ ಪತ್ರಿಕೆ ಬಂದರೆ ಮೊದಲು ಆಟದ ಪುಟ ತೆರೆಯುತ್ತಿದ್ದರು.

ಮರುವರ್ಷ ಇನ್ನೊಬ್ಬ ಮುಖಂಡರು ಬರಬೇಕಾಗಿತ್ತು. ಅವರೂ ಯಾರ ಮನೆಯಲ್ಲೋ ತಿಂಡಿಗೆ ಕೂತರು. ಏನಾದರೂ ಹೇಳಿರೆಂದು ಪ್ರಿನ್ಸಿಪಾಲರು ಮತ್ತೆ ಓಡಿಬಂದರು. ಮೇಷ್ಟ್ರು ಮೈಕು ಮುಟ್ಟಲಿಲ್ಲ; ಸೀಟಿ ಊದಿ, ಸುಡುವ ಬಿಸಿಲಿನಲ್ಲಿ ಹುಡುಗರಿಂದ ಕವಾಯತು ಮಾಡಿಸಿದರು. ಮುಖಂಡರು ಬಂದಾಗ ಶಿಳ್ಳೆ ಹೊಡೆಯಲು ಯಾರಿಗೂ ಉಸಿರೇ ಉಳಿದಿರಲಿಲ್ಲ. ಹೊಸದುರ್ಗದ ವಿದ್ಯಾರ್ಥಿಗಳ ಶಿಸ್ತು ನಾಡಿಗೇ ಮಾದರಿ ಎಂದು ಅವರು ಹೊಗಳಿ ಹೋದರು.