ವಾಸನೆಯಿಲ್ಲದ ಗಾಳಿ

ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳಲು ಶುರು ಮಾಡಿದರೆ ನಾನು ಎದ್ದು ಹೋಗುವವಳು. ಕೆಮಿಸ್ಟ್ರಿ ಕಲಿಸುವ ನನಗೆ ಅಂಥದ್ದರಲ್ಲಿ ನಂಬಿಕೆ ಇರಲಿಲ್ಲ. ಈಗ ನಾನೇ ಹೇಳಲು ಕೂತಿದ್ದೇನೆ. ನೀವು ಎದ್ದು ಹೋದರೂ ಬೇಸರವಿಲ್ಲ.

ಮೂಡುಬಿದಿರೆ ಹತ್ತಿರದ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ನೀರನ್ನು ಕರೆಂಟಿನಿಂದ ಒಡೆದು ಹೈಡ್ರೋಜನ್, ಆಮ್ಲಜನಕ ಮಾಡುವ ಕೆಲಸ. ಕರೆಂಟು ಹಾಯಿಸಲು ನೀರಿನಲ್ಲಿ ಮುಳುಗಿಸುವ ತಗಡಿಗೆ ಪ್ಲಾಟಿನಂ ಒಳ್ಳೆಯದು, ಆದರೆ ನಮಗೆ ಎಟುಕುವುದಿಲ್ಲ. ಬದಲಿಗೆ ನಿಕಲ್ಲಿಗೆ ಗಂಧಕ ಸೇರಿದ ನಿಕಲ್ ಸಲ್ಫೈಡ್ ಹಚ್ಚಿದ ತಗಡು ಬಳಸುತ್ತಿದ್ದೆವು. ಅದು ಚೆನ್ನಾಗಿ ದುಡಿಯುತ್ತದೆ, ಆದರೆ ಗಂಧಕ ಕಳೆದುಕೊಂಡು ಬೇಗ ಸೋಲುತ್ತದೆ. ಚೂರು ಕಬ್ಬಿಣ ಬೆರೆಸಿದರೆ ಹೆಚ್ಚು ಬಾಳುತ್ತದಾ ನೋಡುವ ಅಂತ, ಶನಿವಾರ ಹೊಸ ತಗಡುಗಳನ್ನು ಒಳಗಿನ ಚಿಕ್ಕ ಕೋಣೆಯಲ್ಲಿ ಓಡಲು ಬಿಟ್ಟು ಬಂಟ್ವಾಳದ ಮನೆಗೆ ಹೋದೆ.

ಸೋಮವಾರ ಬೆಳಗ್ಗೆ ಲ್ಯಾಬಿನ ಟೆಕ್ನಿಷಿಯನ್ ಜಯಂತಿ ಆ ಕೋಣೆಯ ಬಾಗಿಲು ತೆರೆದು ಲೈಟಿನ ಸ್ವಿಚ್ಚಿಗೆ ಕೈ ಚಾಚಿದಳು. ಹಿಂದೆ ನಿಂತಿದ್ದ ನನ್ನ ಮೂಗಿಗೆ ಕೊಳೆತ ಮೊಟ್ಟೆಯ ವಾಸನೆ ಹೊಡೆಯಿತು.

“ಸ್ವಿಚ್ ಮುಟ್ಟಬೇಡ!” ಎಂದು ಅವಳ ರಟ್ಟೆ ಹಿಡಿದು ಹೊರಗೆಳೆದೆ.

“ಎಂತಾಯ್ತು ಮೇಡಂ?”

“ಇಷ್ಟು ವಾಸನೆ ಬರ್ತಾ ಉಂಟು, ನಿನಗೆ ಗೊತ್ತಾಗುವುದಿಲ್ಲವಾ?”

“ಎಂತ ವಾಸನೆಯೂ ಇಲ್ಲ.” ಅವಳು ನನ್ನನ್ನೇ ದಿಟ್ಟಿಸಿದಳು. “ಮೇಡಂ, ನಿಮಗೆ ವಾಸನೆಯೇ ಬರುವುದಿಲ್ಲವಲ್ಲ?”

ಹೌದು. ಕೊರೊನಾ ಬಂದು ಹೋದಾಗಿನಿಂದ ನನ್ನ ಮೂಗು ಸತ್ತೇ ಹೋಗಿತ್ತು. ಮನೆಯಲ್ಲಿ ಅನ್ನ ಸೀದರೂ ಗೊತ್ತಾಗುತ್ತಿರಲಿಲ್ಲ.

ಓಡಿ ಹೋಗಿ ಹೊರಗಿನ ಮೇನ್ ಸ್ವಿಚ್ ಇಳಿಸಿದೆ. ಗ್ಯಾಸ್ ಮೀಟರನ್ನು ಬಾಗಿಲಿನ ಮೇಲ್ಗಡೆ ಹಿಡಿದ ಕೂಡಲೇ ಅದು ಕಿರುಚತೊಡಗಿತು. ಹೈಡ್ರೋಜನ್ನನ್ನು ಹೊರಗೊಯ್ಯುವ ಕೊಳವೆ ಕಳಚಿಕೊಂಡಿತ್ತು. ತಗಡುಗಳು ಒಂದಿಷ್ಟೂ ಸೋಲದೆ ಎರಡು ದಿನ ದುಡಿದಿದ್ದವು. ನಾವು ಬಯಸಿದ್ದೂ ಅದನ್ನೇ. ಕಿಟಕಿಯಿಲ್ಲದ ಆ ಕೋಣೆಯಲ್ಲಿ ತುಂಬಿದ್ದ ಹೈಡ್ರೋಜನ್ ಸಿಡಿಯಲು ಸ್ವಿಚ್ಚಿನ ಒಂದು ಕಿಡಿ ಸಾಕಿತ್ತು.

ಹೈಡ್ರೋಜನ್ನಿಗೆ ವಾಸನೆ ಇಲ್ಲ. ಸಲ್ಫೈಡಿನಿಂದ ಮೊಟ್ಟೆ ವಾಸನೆಯ ಅನಿಲ ಹೊರಟಿರಬಹುದೆಂದು ಅದನ್ನೂ ಅಳೆದೆವು. ಸೊನ್ನೆ. ಡಾಕ್ಟರು, “ಕೆಲವರಿಗೆ ಇಲ್ಲದ ವಾಸನೆ ಬರುವುದುಂಟು, ಅದು ಮಿದುಳಿನ ಆಟ” ಎಂದರು. ಇರಬಹುದು. ಆದರೆ ಸರಿಯಾಗಿ ಆ ಗಳಿಗೆಗೇ ಯಾಕೆ? ಅದಕ್ಕೆ ಮುಂಚೆಯೂ ಬಂದಿರಲಿಲ್ಲ, ಆಮೇಲೂ ಬಂದಿಲ್ಲ.

ಈಗ ಆ ಕೋಣೆಗೆ ಅಲಾರಂ ಹಾಕಿಸಿದ್ದೇವೆ. ಆದರೂ ಜಯಂತಿ ಬೀಗ ತೆಗೆದ ಮೇಲೆ ಬಾಗಿಲು ನೂಕದೆ ನನ್ನ ಮುಖ ನೋಡುತ್ತಾಳೆ.

“ಎಂತಾದರೂ ಉಂಟಾ ಮೇಡಂ?”

ನಾನು ಉಸಿರೆಳೆದುಕೊಳ್ಳುತ್ತೇನೆ. ಏನೂ ತಿಳಿಯುವುದಿಲ್ಲ. ಆದರೆ ‘ಇಲ್ಲ’ ಎನ್ನಲು ಬಾಯಿ ಬರುವುದಿಲ್ಲ.